ತಿಕೋಟಾ ವಿಜಯನಗರ ಜಿಲ್ಲೆಗೆ ಹೋಗಿದ್ದು ಹೇಗೆ?

ವಿಜಯಪುರ ಜಿಲ್ಲೆಯ ತಿಕೋಟಾದ ದ್ರಾಕ್ಷಿ ಬೆಳೆಗಾರರ ರಸೀದಿಯಲ್ಲಿ ಜಿಲ್ಲೆ 'ವಿಜಯನಗರ' ಎಂದು ಅಚ್ಚಾಗಿದ್ದರೆ ಆಪರೇಟರನ್ನು ಬೈಯಬೇಡಿ. ಅವರು ವಿಜಯಪುರವನ್ನೇ ಆರಿಸಿರುತ್ತಾರೆ. ಬ್ರೌಸರಿನಿಂದ ಸರ್ವರಿಗೆ ಹೋದದ್ದು ಮಾತ್ರ ಬರೀ 28 ಎಂಬ ಅಂಕಿ. ಕಳಿಸಿದ ಕೋಡಿಗೆ ಅದು ವಿಜಯಪುರ, ತೆಗೆದುಕೊಂಡ ಕೋಡಿಗೆ ವಿಜಯನಗರ. ಸರ್ವರಿನ ಲಾಗ್ ಎಂಬ ದಾಖಲೆಯಲ್ಲಿ ಒಂದು ಕೆಂಪು ಸಾಲೂ ಇಲ್ಲ. "ಎರರ್ ಬಂದಿಲ್ಲ ಅಂದ್ರ ಡೇಟಾ ಸರಿ ಐತಿ" ಎನ್ನುವ ಮಾತು ಬೆಳಗಾವಿಯಿಂದ ವಿಜಯಪುರದವರೆಗೆ ಸಾಫ್ಟ್‌ವೇರ್ ಮಾಡುವವರ ಬಾಯಲ್ಲಿ ಮತ್ತೆ ಮತ್ತೆ ಬರುತ್ತದೆ. ಎನಮ್ ವಿಷಯದಲ್ಲಿ, ಅಂದರೆ ಕೋಡಿನಲ್ಲಿ ಹೆಸರುಗಳ ಪಟ್ಟಿ ಮಾಡಿ ಪ್ರತಿ ಹೆಸರಿಗೂ ಒಂದು ಅಂಕಿ ಇರುವಂತೆ ಮಾಡುವ ಕಡೆ, ಈ ನಂಬಿಕೆಯನ್ನು ದಯವಿಟ್ಟು ಬಿಡಿ.

ಲೆಕ್ಕ ನೋಡಿ. 2021ಕ್ಕೆ ಮೊದಲು ಕರ್ನಾಟಕದಲ್ಲಿ 30 ಜಿಲ್ಲೆ. ಅವನ್ನು ಇಂಗ್ಲಿಷ್ ಅಕ್ಷರಕ್ರಮದಲ್ಲಿ ಎನಮ್ ಮಾಡಿ, ಯಾವುದಕ್ಕೂ ಅಂಕಿ ಕೊಡದೆ ಬಿಟ್ಟರೆ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ: ಬಾಗಲಕೋಟೆ 0, ಬಳ್ಳಾರಿ 1, ಬೆಳಗಾವಿ 2, ಹೀಗೆ ಸಾಗಿ ವಿಜಯಪುರ 28, ಯಾದಗಿರಿ 29. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಯಿತು. ಕ್ರಮ ಕೆಡಬಾರದೆಂದು ಯಾರೋ ಅದನ್ನು ವಿಜಯಪುರದ ಮೇಲಿನ ಸಾಲಿಗೆ ಸೇರಿಸಿದರು. ಈಗ 28 ವಿಜಯನಗರ, 29 ವಿಜಯಪುರ, 30 ಯಾದಗಿರಿ. ಸರ್ವರ್ ಹೊಸದಾಗಿದೆ, ಆದರೆ ಬಳಸುವವರ ಬ್ರೌಸರಿನ ಕ್ಯಾಶಿನಲ್ಲಿ (ಉಳಿಸಿಟ್ಟ ಪ್ರತಿಯಲ್ಲಿ) ಹಳೆಯ ಜಾವಾಸ್ಕ್ರಿಪ್ಟೇ ಕೂತಿದೆ. ಅದು ಕಳಿಸುವ ವಿಜಯಪುರ ವಿಜಯನಗರವಾಗುತ್ತದೆ, ಯಾದಗಿರಿ ವಿಜಯಪುರವಾಗುತ್ತದೆ. ಉಳಿದ 28 ಜಿಲ್ಲೆಗಳು ಸರಿಯಾಗಿಯೇ ಇರುವುದರಿಂದ, ಬೆಳಗಾವಿ ಆರಿಸಿ ಪರೀಕ್ಷೆ ಮಾಡಿದವರಿಗೆ ಏನೂ ಗೊತ್ತಾಗುವುದಿಲ್ಲ.

ಬಾಗಲಕೋಟೆಯ ಕಷ್ಟ ಬೇರೆ. ಸಿ ಶಾರ್ಪ್ ಭಾಷೆಯಲ್ಲಿ ಜಿಲ್ಲೆಯ ಮಾಹಿತಿಯೇ ಇಲ್ಲದ ಜೇಸನ್ (ಬ್ರೌಸರ್ ಮತ್ತು ಸರ್ವರ್ ನಡುವೆ ಡೇಟಾ ಸಾಗಿಸುವ ಪಠ್ಯರೂಪ) ಬಂದರೆ ಎನಮ್ ಸೊನ್ನೆಯಾಗಿ ಕೂರುತ್ತದೆ, ಅಂದರೆ ಖಾಲಿ ಬಿಟ್ಟ ಫಾರಂಗಳೆಲ್ಲ ಬಾಗಲಕೋಟೆಯ ಲೆಕ್ಕಕ್ಕೆ. 'ರಿಕ್ವೈರ್ಡ್' (ಕಡ್ಡಾಯ) ಎಂದು ಬರೆದರೂ ಹಿಡಿಯುವುದಿಲ್ಲ, ಏಕೆಂದರೆ ಸೊನ್ನೆಯೂ ಒಂದು ಬೆಲೆಯೇ. ಆ ಪ್ರಾಪರ್ಟಿಯನ್ನು ನಲ್ಲಬಲ್ (ಖಾಲಿಯೂ ಇರಬಹುದಾದದ್ದು) ಮಾಡಿ, ಆಮೇಲೆ ರಿಕ್ವೈರ್ಡ್ ಹಾಕಿ. ಹೊಸ ಎನಮ್ ಬರೆಯುವಾಗ ಸೊನ್ನೆಯನ್ನು 'ಗೊತ್ತಿಲ್ಲ' ಎಂಬುದಕ್ಕೇ ಮೀಸಲಿಡಿ.

ತೊಂದರೆ ಹುಡುಕುವಾಗ ಮೊದಲು ಕೋಡ್ ತೆರೆಯಬೇಡಿ. ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬಿನಲ್ಲಿ ಪೇಲೋಡ್ (ಸರ್ವರಿಗೆ ಕಳಿಸಿದ ಡೇಟಾ) ನೋಡಿ. ಬರೀ 28 ಇದ್ದರೆ ಮೇಲೆ ಹೇಳಿದ ಕಾಯಿಲೆ. ಉದ್ಧರಣ ಚಿಹ್ನೆಯೊಳಗೆ "28" ಇದ್ದರೆ ಅದು ಸೆಲೆಕ್ಟ್ ಬಾಕ್ಸಿನ ಕೆಲಸ, ಅದರ ಬೆಲೆ ಯಾವಾಗಲೂ ಸ್ಟ್ರಿಂಗ್, ಅಂದರೆ ಅಂಕಿಯಲ್ಲ, ಅಕ್ಷರಗಳ ಸಾಲು. ಟೈಪ್‌ಸ್ಕ್ರಿಪ್ಟಿನಲ್ಲಿ ನೀವು ಬರೆದ ಟೈಪ್ ಕಂಪೈಲ್ ಆದಮೇಲೆ ಉಳಿಯುವುದಿಲ್ಲ, ಓಡುವಾಗ ಯಾರೂ ಪರೀಕ್ಷಿಸುವುದಿಲ್ಲ. ಹಾಗಾಗಿ ಅಂಕಿಗೆ ತಕ್ಕ ದಾರಿ ಆರಿಸುವ ಸ್ವಿಚ್, ಯಾವುದೂ ಹೊಂದದಾಗಿನ ಡಿಫಾಲ್ಟಿಗೆ ನೇರ ಬೀಳುತ್ತದೆ. ಹೆಸರು ಹೋಗುತ್ತಿದ್ದು 400 (ಕಳಿಸಿದ್ದು ತಪ್ಪು ಎಂಬ ಎರರ್) ಬರುತ್ತಿದ್ದರೆ ಸರ್ವರಿಗೆ ಹೆಸರು ಓದಲು ಬರುತ್ತಿಲ್ಲ. ಸಿ ಶಾರ್ಪಿನಲ್ಲಿ ಜೇಸನ್ ಓದಿ ಬರೆಯುವ ಲೈಬ್ರರಿ ಸಿಸ್ಟಮ್ ಡಾಟ್ ಟೆಕ್ಸ್ಟ್ ಡಾಟ್ ಜೇಸನ್ ತಾನಾಗಿ ಅಂಕಿಯನ್ನಷ್ಟೇ ಬಲ್ಲದು, ಜೇಸನ್‌ಸ್ಟ್ರಿಂಗ್‌ಎನಮ್‌ಕನ್ವರ್ಟರ್ ಸೇರಿಸಬೇಕು.

"ಸೇರಿಸೀವಿ, ಆದ್ರೂ ಅಂಕಿನ ಬರ್ತೈತಿ" ಎನ್ನುವವರು ಸೇರಿಸಿದ ಜಾಗ ನೋಡಿಕೊಳ್ಳಿ. ಎಎಸ್‌ಪಿ ಡಾಟ್ ನೆಟ್ ಕೋರ್ ಎಂಬ ವೆಬ್ ಚೌಕಟ್ಟಿನಲ್ಲಿ ಕಂಟ್ರೋಲರುಗಳಿಗೆ ಆಡ್‌ಜೇಸನ್‌ಆಪ್ಷನ್ಸ್, ಮಿನಿಮಲ್ ಎಪಿಐಗೆ ಕಾನ್ಫಿಗರ್‌ಎಚ್‌ಟಿಟಿಪಿಜೇಸನ್‌ಆಪ್ಷನ್ಸ್, ಸಿಗ್ನಲ್‌ಆರ್‌ಗೆ ಆಡ್‌ಜೇಸನ್‌ಪ್ರೋಟೋಕಾಲ್. ಒಂದರಲ್ಲಿ ಹಾಕಿದ್ದು ಇನ್ನೊಂದಕ್ಕೆ ತಗಲುವುದಿಲ್ಲ. ಕ್ವೆರಿ ಸ್ಟ್ರಿಂಗ್ (ಪುಟದ ವಿಳಾಸದಲ್ಲಿ ಪ್ರಶ್ನೆ ಚಿಹ್ನೆಯ ನಂತರದ ಭಾಗ) ಜೇಸನ್ ದಾರಿಗೇ ಬರುವುದಿಲ್ಲ, ಅಲ್ಲಿ ಹೆಸರೂ ನಡೆಯುತ್ತದೆ, ಅಂಕಿಯೂ ನಡೆಯುತ್ತದೆ. ಹುಡುಕುವ ಪರದೆ ಸರಿ, ಉಳಿಸುವ ಪರದೆ ತಪ್ಪು ಎಂಬ ಗೊಂದಲ ಹುಟ್ಟುವುದು ಇಲ್ಲಿಂದಲೇ. ಕನ್ವರ್ಟರ್ ಹಾಕಿದ ಮೇಲೂ ಅದು ಅಂಕಿಗಳನ್ನು ಒಪ್ಪುತ್ತಲೇ ಇರುತ್ತದೆ. ಕನ್ಸ್ಟ್ರಕ್ಟರಿನ ಎರಡನೆಯ ಆರ್ಗ್ಯುಮೆಂಟನ್ನು ಫಾಲ್ಸ್ ಮಾಡಿ. ಹಳೆಯ ಕ್ಲೈಂಟಿಗೆ 400 ಬರಲಿ, ಪುಟ ಮತ್ತೆ ಲೋಡ್ ಮಾಡಿಕೊಳ್ಳುತ್ತಾರೆ.

ಜಾವಾದವರು ನಿಶ್ಚಿಂತರಾಗಬೇಕಿಲ್ಲ. ಅಲ್ಲಿನ ಜೇಸನ್ ಲೈಬ್ರರಿ ಜ್ಯಾಕ್ಸನ್ ಹೆಸರನ್ನೇ ಬರೆಯುತ್ತದೆ, ಆದರೆ ಓದುವಾಗ ಅಂಕಿ ಕೊಟ್ಟರೆ ಪಟ್ಟಿಯಲ್ಲಿನ ಸ್ಥಾನವೆಂದು ತಿಳಿದು ಒಪ್ಪಿಕೊಳ್ಳುತ್ತದೆ. ಡೇಟಾ ಉಳಿಸುವ ಜೆಪಿಎ ಕೂಡ ಏನೂ ಹೇಳದಿದ್ದರೆ ಡೇಟಾಬೇಸಿಗೆ ಸ್ಥಾನವನ್ನೇ ಹಾಕುತ್ತದೆ.

ಹೆಸರು ಕಳಿಸಿದರೆ ಮುಗಿಯಿತೇ? ಅರ್ಧ ಮಾತ್ರ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಬೆಳಗಾವಿಯ ಇಂಗ್ಲಿಷ್ ಹೆಸರೂ ಬದಲಾಯಿತು. ಎನಮ್ಮಿನಲ್ಲಿ ಹೆಸರು ತಿದ್ದಿದರೆ ಸರ್ವರಿಗೆ ಹೋಗಿಬರುವ ಅಕ್ಷರಗಳೂ ಬದಲಾಗಿ ಹಳೆಯ ಕ್ಲೈಂಟುಗಳು ನಿಲ್ಲುತ್ತವೆ. ಗಾಡಿಗಳ ನಂಬರ್ ಪ್ಲೇಟ್ ನೋಡಿ: ಊರಿನ ಹೆಸರು ಬದಲಾದರೂ ವಿಜಯಪುರ ಕೆಎ-28 ಆಗಿಯೇ ಉಳಿಯಿತು, ಬೆಳಗಾವಿ ಕೆಎ-22. ಬೇಕಾದದ್ದು ಅಂಥ ಬದಲಾಗದ ಗುರುತಿನ ಕೋಡ್. ಪ್ಲೇಟಿನ ಅಂಕಿಯನ್ನೇ ಜಿಲ್ಲೆಯ ಕೋಡ್ ಮಾಡಿಕೊಳ್ಳಬೇಡಿ ಮತ್ತೆ, ಬೆಳಗಾವಿ ಜಿಲ್ಲೆಯೊಂದರಲ್ಲೇ ಚಿಕ್ಕೋಡಿಗೆ 23, ಗೋಕಾಕಕ್ಕೆ 49 ಇವೆ. ಡಾಟ್ ನೆಟ್ 9ರಲ್ಲಿ ಜೇಸನ್‌ಸ್ಟ್ರಿಂಗ್‌ಎನಮ್‌ಮೆಂಬರ್‌ನೇಮ್, ಜ್ಯಾಕ್ಸನ್ನಿನಲ್ಲಿ ಜೇಸನ್‌ಪ್ರಾಪರ್ಟಿ ಬಳಸಿ ಪ್ರತಿ ಜಿಲ್ಲೆಗೆ ಬದಲಾಗದ ಕೋಡ್ ಕಟ್ಟಿ. ಪರದೆಯ ಮೇಲೆ ಕಾಣುವ ಹೆಸರು ಬೇರೆ ಕಡೆ ಇರಲಿ.

ಕೆಟ್ಟ ಡೇಟಾ ರಿಪೇರಿ ನಿಧಾನದ ಕೆಲಸ. ಮೊದಲು ಬ್ಯಾಕಪ್. ನಂತರ ಎನಮ್ಮಿನಲ್ಲಿ ಹಳೆಯ ಅಂಕಿಗಳನ್ನು ಬಾಯಿಬಿಟ್ಟು ಬರೆಯಿರಿ: ವಿಜಯಪುರ 28, ಯಾದಗಿರಿ 29, ಹೊಸದಾದ ವಿಜಯನಗರ ಕೊನೆಗೆ 30. ಬದಲಾವಣೆಗೆ ಮುಂಚಿನ ದಾಖಲೆಗಳು ಇಷ್ಟಕ್ಕೇ ಸರಿಯಾಗುತ್ತವೆ. ನಂತರದವನ್ನು ಪಿನ್ ಕೋಡಿನಿಂದ ಬೇರ್ಪಡಿಸಿ: 586 ಇದ್ದರೆ ವಿಜಯಪುರ, ಹೊಸಪೇಟೆಯ ಕಡೆಯದು 583, ಯಾದಗಿರಿಯದು 585. ಪಿನ್ ಕೋಡಿನ ಗಡಿ ಜಿಲ್ಲೆಯ ಗಡಿಯೇ ಆಗಿರಬೇಕಿಲ್ಲ, ಆದ್ದರಿಂದ ಪಟ್ಟಿಯನ್ನು ಆ ಭಾಗ ಬಲ್ಲವರಿಗೆ ಒಮ್ಮೆ ತೋರಿಸಿ. ಜಿಲ್ಲೆ ಸೊನ್ನೆ ಇದ್ದೂ ಪಿನ್ ಬಾಗಲಕೋಟೆಯ 587 ಅಲ್ಲದವರಿಗೆ ಫೋನ್ ಮಾಡಿ ಕೇಳಬೇಕು.