ಎಚ್‌ಪಿ ಜಾಸ್ತಿ ಇದ್ದರೆ ಸಾಕಾ? ಒಂದು ಹಳೇ ಜಗಳದ ಹಿನ್ನೆಲೆ

ಹೊಸ ಕಾರು ಬಂತು ಅಂದರೆ ಮೊದಲ ಪ್ರಶ್ನೆ ಒಂದೇ: ಎಷ್ಟು ಎಚ್‌ಪಿ (ಹಾರ್ಸ್‌ಪವರ್, ಅಂದರೆ ಎಂಜಿನ್ ಶಕ್ತಿಯ ಅಳತೆ)? ಈಗ ಅದಕ್ಕೆ ಸಿಗುವ ಉತ್ತರಗಳು ತಲೆ ತಿರುಗಿಸುವಂತಿವೆ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗಬಹುದಾದ ನಾಲ್ಕು ಬಾಗಿಲ ಟೆಸ್ಲಾ ಮಾಡೆಲ್ ಎಸ್ ಪ್ಲ್ಯಾಡ್‌ಗೇ 1,020 ಎಚ್‌ಪಿ. ಇನ್ನೊಂದು ಕಡೆ, ಡ್ರೈವಿಂಗ್ ಹುಚ್ಚು ಹತ್ತಿಸಿಕೊಂಡವರು 130 ಎಚ್‌ಪಿಯ ಎರಡು ಸೀಟಿನ ಪುಟ್ಟ ಕಾರು ತೋರಿಸಿ, ಮಜಾ ಅಂದರೆ ಇದು ಎನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ವೇಗದ ಮಾತಾಡುತ್ತಿದ್ದಾರೆ, ಇನ್ನೊಬ್ಬರು ಮಜಾದ ಮಾತಾಡುತ್ತಿದ್ದಾರೆ, ಅಷ್ಟೆ. ಇವೆರಡೂ ಒಂದೇ ಎಂದು ನಾವು ನಂಬಿದ್ದು ಹೇಗೆ ಎನ್ನುವುದಕ್ಕೆ ಒಂದು ಶತಮಾನಕ್ಕಿಂತ ಜಾಸ್ತಿ ಹಿನ್ನೆಲೆ ಇದೆ.

ಮೊದಲು ಸ್ವಲ್ಪ ಲೆಕ್ಕ. ಎಂಜಿನ್ ಎಷ್ಟೇ ದೊಡ್ಡದಿರಲಿ, ಕೊನೆಗೆ ಕಾರನ್ನು ಮುಂದಕ್ಕೆ ತಳ್ಳುವುದು ನೆಲ ಮುಟ್ಟಿರುವ ನಾಲ್ಕು ಅಂಗೈಯಗಲದ ರಬ್ಬರು. ಒಳ್ಳೆ ಒಣ ರಸ್ತೆಯಲ್ಲಿ ಸಾಮಾನ್ಯ ಟೈರಿನ ಹಿಡಿತ ಹೆಚ್ಚೆಂದರೆ ಅದರ ಮೇಲಿನ ಭಾರದಷ್ಟು ಎಂದುಕೊಳ್ಳಿ. ಆಗ ನಾಲ್ಕೂ ಚಕ್ರ ಎಳೆಯುವ ಕಾರು ಕೂಡ ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ಮುಟ್ಟಲು ಸುಮಾರು 2.8 ಸೆಕೆಂಡ್ ಬೇಕು. ಇದಕ್ಕಿಂತ ಬೇಗ ಹೋಗಬೇಕಾದರೆ ಇನ್ನಷ್ಟು ಅಂಟುವ ಟೈರು ಬೇಕು. ಸುಮ್ನೆ ಎಚ್‌ಪಿ ಸೇರಿಸಿದರೆ ಚಕ್ರ ಇದ್ದಲ್ಲೇ ತಿರುಗಿ ಹೊಗೆ ಬರುತ್ತದೆ.

ತಿರುವಿನಲ್ಲಂತೂ ಎಂಜಿನ್ನಿಗೆ ಮಾತೇ ಇಲ್ಲ. 50 ಮೀಟರ್ ತ್ರಿಜ್ಯದ ಸಮತಟ್ಟಾದ ತಿರುವು, ಅದೇ ಟೈರು. ಅಲ್ಲಿ ಗಂಟೆಗೆ ಸುಮಾರು 80 ಕಿ.ಮೀ. ಮೀರಿದರೆ 100 ಎಚ್‌ಪಿಯ ಕಾರೂ ಜಾರುತ್ತದೆ, 1,000 ಎಚ್‌ಪಿಯ ಕಾರೂ ಜಾರುತ್ತದೆ. ಶಕ್ತಿಯ ಆಟ ನಿಜವಾಗಿ ಶುರುವಾಗುವುದು ನೇರ ರಸ್ತೆಯಲ್ಲಿ, ವೇಗ ಏರಿದ ಮೇಲೆ. ಅಲ್ಲೂ ಗಾಳಿ ಸುಮ್ಮನೆ ಬಿಡುವುದಿಲ್ಲ. ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ.

ಹಾಗಾದರೆ ಎಚ್‌ಪಿ ಅನ್ನುವ ಒಂದೇ ಸಂಖ್ಯೆ ಇಷ್ಟು ದೊಡ್ಡದಾಗಿದ್ದು ಯಾಕೆ? ಮೊದಮೊದಲು ಅದು ನಿಜಕ್ಕೂ ಅಷ್ಟು ದೊಡ್ಡದೇ ಆಗಿತ್ತು. 1886ರಲ್ಲಿ ಪೇಟೆಂಟ್ ಪಡೆದ ಕಾರ್ಲ್ ಬೆಂಜ್‌ರ ಮೂರು ಚಕ್ರದ ಗಾಡಿಗೆ ಒಂದು ಎಚ್‌ಪಿ ಕೂಡ ಇರಲಿಲ್ಲ. ಹತ್ತು ಎಚ್‌ಪಿ ಸೇರಿಸಿದರೆ ಸಾಕು, ಏರು ಹತ್ತಲಾಗದ ಗಾಡಿ ಹತ್ತುತ್ತಿತ್ತು. ಅಲ್ಲಿಂದ 25 ವರ್ಷದಲ್ಲಿ ಫಿಯೆಟ್ ಎಸ್76 ಬಂತು: ನಾಲ್ಕೇ ಸಿಲಿಂಡರ್, 28.4 ಲೀಟರ್ ಎಂಜಿನ್, ಸುಮಾರು 290 ಎಚ್‌ಪಿ. ವೇಗ ಬೇಕಾದರೆ ಎಂಜಿನ್ ದೊಡ್ಡದು ಮಾಡು ಎನ್ನುವ ಪಾಠ ಗಟ್ಟಿಯಾಗಿ ಕೂತಿದ್ದು ಆ ಕಾಲದಲ್ಲೇ. ಆಮೇಲೆ ಎರಡು ಮಹಾಯುದ್ಧ ಕಳೆದು ರಸ್ತೆ, ಟೈರು, ಬ್ರೇಕು ಎಲ್ಲ ಬದಲಾದರೂ ಪಾಠ ಮಾತ್ರ ಹಾಗೇ ಉಳಿಯಿತು.

ಮೊದಲ ತಕರಾರು ಬಂದಿದ್ದು ಬ್ರಿಟನ್ನಿನಿಂದ. ಲೋಟಸ್ ಕಾರು ಕಂಪನಿ ಕಟ್ಟಿದ ಕಾಲಿನ್ ಚಾಪ್ಮನ್ ಶಕ್ತಿ ಏರಿಸುವ ಬದಲು ತೂಕ ಇಳಿಸುವ ದಾರಿ ಹಿಡಿದರು. ತೂಕ ಇಳಿದರೆ ಪಿಕಪ್, ಬ್ರೇಕು, ತಿರುವು ಮೂರೂ ಒಟ್ಟಿಗೆ ಸುಧಾರಿಸುತ್ತವೆ. ಎಂಜಿನ್ ದೊಡ್ಡದಾದರೆ ಮೊದಲನೆಯದು ಮಾತ್ರ, ಉಳಿದೆರಡು ಹಲವು ಸಲ ಹಾಳಾಗುತ್ತವೆ. 1957ರ ಲೋಟಸ್ ಸೆವೆನ್ ಈ ಲೆಕ್ಕದ ಕೂಸು. ಬಾಗಿಲು, ಮಾಡು ಅನ್ನುವುದೆಲ್ಲ ಹೆಸರಿಗಷ್ಟೇ.

ಎರಡು ವರ್ಷದ ನಂತರ ಅಲೆಕ್ ಇಸಿಗೋನಿಸ್ ವಿನ್ಯಾಸ ಮಾಡಿದ ಮಿನಿ ಬಂತು: 848 ಸಿಸಿ, 34 ಎಚ್‌ಪಿ, ಹತ್ತೇ ಇಂಚಿನ ಚಕ್ರ. ಇದರದೇ ಕೂಪರ್ ಎಸ್ ರೂಪ 1964ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಾಗ ಎರಡನೇ ಸ್ಥಾನದಲ್ಲಿದ್ದದ್ದು ದೊಡ್ಡ ವಿ8 (ಎಂಟು ಸಿಲಿಂಡರ್) ಎಂಜಿನ್ನಿನ ಫೋರ್ಡ್ ಫಾಲ್ಕನ್. ಹಗುರ ಕಾರಿನ ಅಭಿಮಾನಿಗಳು ಈ ಕತೆಯನ್ನು ಇವತ್ತಿಗೂ ಬಿಟ್ಟಿಲ್ಲ. ಆದರೆ ಅವರು ಹೇಳದೆ ಬಿಡುವ ಮಾತೊಂದಿದೆ. ಘಟ್ಟದ ಓಟಗಳ ಸಮಯ ನೋಡಿದರೆ ಫಾಲ್ಕನ್ ಮುಂದಿತ್ತು. ಸಣ್ಣ ಎಂಜಿನ್ನಿಗೆ ರಿಯಾಯಿತಿ ಕೊಡುವ ಲೆಕ್ಕಾಚಾರ ಮಿನಿಗೆ ನೆರವಾಯಿತು. ಹಾಗಂತ ಗೆಲುವು ಬಿಟ್ಟಿ ಸಿಕ್ಕಿದ್ದೇನಲ್ಲ. ಅಷ್ಟು ಚಿಕ್ಕ ಕಾರು ಅಷ್ಟು ದೊಡ್ಡ ಕಾರಿನ ಬೆನ್ನು ಬಿಡದೆ ಬಂದಿದ್ದೇ ದೊಡ್ಡದು. 1965 ಮತ್ತು 1967ರಲ್ಲಿ ಮಿನಿ ಮತ್ತೆ ಗೆದ್ದಿತು.

ಅದೇ 1964ರಲ್ಲಿ ಅಮೆರಿಕದಲ್ಲಿ ಗಾಳಿ ಬೇರೆ ಕಡೆ ಬೀಸಿತು. ಪಾಂಟಿಯಾಕ್ ಜಿಟಿಒ ಬಂತು, ಮಧ್ಯಮ ಗಾತ್ರದ ಕಾರಿಗೆ 6.4 ಲೀಟರ್ ವಿ8, ಕಾಗದದ ಮೇಲೆ 325 ಎಚ್‌ಪಿ. ಆರು ವರ್ಷ ಕಳೆಯುವುದರಲ್ಲಿ 450 ಎಚ್‌ಪಿ ಅಂತ ಬರೆದುಕೊಂಡ ಕಾರುಗಳು ರಸ್ತೆಯಲ್ಲಿದ್ದವು. ನೇರ ಓಟಕ್ಕೆ ಅವು ಚೆನ್ನಾಗಿದ್ದವು. ಬ್ರೇಕು ಮತ್ತು ತಿರುವಿನ ಬಗ್ಗೆ ಜಾಸ್ತಿ ಹೇಳದಿರುವುದೇ ವಾಸಿ.

‘ಕಾಗದದ ಮೇಲೆ’ ಎಂದಿದ್ದಕ್ಕೆ ಕಾರಣವಿದೆ. ಆಗ ಅಲ್ಲಿ ಎಂಜಿನ್ನನ್ನು ಬಿಚ್ಚಿ ಬೆಂಚಿನ ಮೇಲಿಟ್ಟು, ಡೈನಮೊ, ಸೈಲೆನ್ಸರ್, ಏರ್ ಫಿಲ್ಟರ್ ಏನೂ ಹಾಕದೆ ಅಳೆಯುತ್ತಿದ್ದರು. 1972ರಿಂದ ಕಾರಿನೊಳಗೆ ಇರುವಂತೆಯೇ ಎಲ್ಲ ಜೋಡಿಸಿ ಅಳೆಯುವ ಕ್ರಮ ಬಂತು. ಕ್ಯಾಡಿಲಾಕ್ ಎಲ್ಡೊರಾಡೊದ 8.2 ಲೀಟರ್ ಎಂಜಿನ್ 1971ರಲ್ಲಿ 365 ಎಚ್‌ಪಿ, 1972ರಲ್ಲಿ 235! ವ್ಯತ್ಯಾಸದ ಬಹುಪಾಲು ಅಳತೆಯದೇ. ಬ್ರೋಷರ್ ನೋಡಿ ಕಾರು ಕೊಂಡವರು ಏನು ಕೊಂಡಿದ್ದರು ಅಂತ ಯೋಚಿಸಿ. (ಮೆಟ್ರಿಕ್ ಎಚ್‌ಪಿ, ಬ್ರಿಟಿಷ್ ಎಚ್‌ಪಿ ಎಂದು ಇನ್ನೊಂದು ಗೊಂದಲವೂ ಇದೆ. ಆದರೆ ವ್ಯತ್ಯಾಸ ನೂರಕ್ಕೆ ಒಂದೂವರೆಯಷ್ಟೇ, ಅದನ್ನು ಇಲ್ಲಿ ಬಿಟ್ಟುಬಿಡೋಣ.)

ಈ ಕತೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಜಪಾನಿನ 1989. ರಸ್ತೆ ಅಪಘಾತದ ಸಾವು ಅಲ್ಲಿ ವರ್ಷಕ್ಕೆ 10,000 ದಾಟಿತ್ತು. ಸರ್ಕಾರ ಕಾನೂನು ತರುವ ಮೊದಲೇ ಕಾರು ತಯಾರಕರು ತಮ್ಮತಮ್ಮಲ್ಲೇ ಒಂದು ಒಪ್ಪಂದಕ್ಕೆ ಬಂದರು. ಜಪಾನಿನಲ್ಲಿ ಮಾರುವ ಯಾವ ಕಾರಿಗೂ 280 ಎಚ್‌ಪಿಗಿಂತ ಹೆಚ್ಚು ತೋರಿಸಬಾರದು. ಈ ಮಾತು 2004ರವರೆಗೂ ನಡೆಯಿತು. ಎಲ್ಲರೂ ಪ್ರಾಮಾಣಿಕವಾಗಿ ನಡೆದುಕೊಂಡರು ಅನ್ನಲಾಗದು. 280 ಎಂದು ಬರೆದ ಕೆಲವು ಎಂಜಿನ್ನುಗಳು ಅಳೆದಾಗ ಅದಕ್ಕಿಂತ ಚೆನ್ನಾಗಿಯೇ ಎಳೆಯುತ್ತಿದ್ದವು. ಆದರೂ ಬ್ರೋಷರಿನಲ್ಲಿ ಕೊಚ್ಚಿಕೊಳ್ಳುವ ಸಂಖ್ಯೆ ಎಲ್ಲರಿಗೂ ಒಂದೇ ಆಯಿತಲ್ಲ. ಪೈಪೋಟಿ ಬೇರೆ ಎಲ್ಲಾದರೂ ನಡೆಯಲೇಬೇಕಿತ್ತು. ಅದು ಚಕ್ರಗಳ ಕಡೆ ಹೋಯಿತು.

ನಿಸಾನ್ ಸ್ಕೈಲೈನ್ ಜಿಟಿ-ಆರ್ (ಆರ್32) ಆ ವರ್ಷವೇ ಬಂತು. ಸಾಮಾನ್ಯವಾಗಿ ಹಿಂದಿನ ಚಕ್ರವೇ ಎಳೆಯುವ ಕಾರು. ಹಿಂದಿನ ಚಕ್ರ ಜಾರತೊಡಗಿದರೆ ಕಂಪ್ಯೂಟರ್ ಅದನ್ನು ಕ್ಷಣದಲ್ಲಿ ಹಿಡಿದು ಅರ್ಧದಷ್ಟು ಬಲವನ್ನು ಮುಂದಿನ ಚಕ್ರಕ್ಕೆ ಕಳಿಸುತ್ತಿತ್ತು. ಸ್ಟಿಯರಿಂಗ್ ತಿರುಗಿಸಿದಾಗ ಮುಂದಿನವುಗಳ ಜೊತೆ ಹಿಂದಿನ ಚಕ್ರಗಳೂ ಒಂದಿಷ್ಟು ಹೊರಳುತ್ತಿದ್ದವು. ಜಪಾನಿನ ಗ್ರೂಪ್ ಎ ಟೂರಿಂಗ್ ಕಾರ್ (ಮಾರಾಟದ ಕಾರುಗಳನ್ನೇ ರೇಸಿಗೆ ಸಜ್ಜು ಮಾಡಿ ಓಡಿಸುವ) ಪಂದ್ಯಾವಳಿಯಲ್ಲಿ 1990ರಿಂದ 1993ರವರೆಗೆ ನಡೆದ 29 ರೇಸುಗಳಲ್ಲಿ 29ನ್ನೂ ಇದೇ ಗೆದ್ದಿತು. ರೇಸಿನಲ್ಲಿ ಎಂಜಿನ್ ಶಕ್ತಿಯೂ ತುಂಬಾ ಜಾಸ್ತಿ ಇತ್ತು, ನಿಜ. ಆದರೆ ಆ ಶಕ್ತಿ ನೆಲಕ್ಕಿಳಿದಿದ್ದು ಈ ವ್ಯವಸ್ಥೆಯಿಂದ.

ಹೋಂಡಾ ಇನ್ನೊಂದು ದಾರಿ ಹಿಡಿಯಿತು. 1990ರ ಎನ್‌ಎಸ್‌ಎಕ್ಸ್‌ನ ದೇಹವೆಲ್ಲ ಅಲ್ಯೂಮಿನಿಯಂ. ಎರಡು ವರ್ಷದ ನಂತರ ಅದರ ‘ಆರ್’ ರೂಪದಲ್ಲಿ ಇನ್ನೂ 120 ಕೆ.ಜಿ. ಇಳಿಸಿದರು. 1995ರ ಇಂಟೆಗ್ರಾ ಟೈಪ್ ಆರ್‌ನಲ್ಲಿ ಈ ಹುಚ್ಚು ಎಲ್ಲಿಗೆ ಮುಟ್ಟಿತೆಂದರೆ, ಮುಂದಿನ ಗಾಜನ್ನೇ ತೆಳು ಮಾಡಿದರು. ಸದ್ದು ತಡೆಯುವ ಹಾಸುಗಳನ್ನು ಕಿತ್ತರು. ಗಾಜಿನಲ್ಲಿ ಉಳಿಯುವುದು ಕೆಲವೇ ಕಿಲೊ. ಆದರೆ ಆ ತೂಕ ಕಾರಿನಲ್ಲಿ ಎತ್ತರದಲ್ಲಿ ಕೂತಿರುತ್ತದೆ. ಎತ್ತರದ ತೂಕವೇ ತಿರುವಿನಲ್ಲಿ ಕಾರನ್ನು ವಾಲಿಸುವುದು. ಕಣ್ಣಿಗೆ ಕಾಣದ ಇಂಥ ಕೆಲಸ ಯಾವ ಬ್ರೋಷರಿನ ಮುಖಪುಟಕ್ಕೂ ಬರುವುದಿಲ್ಲ, ಅಲ್ವಾ?

1989ರಲ್ಲೇ ಬಂದ ಇನ್ನೊಂದು ಕಾರು 280ರ ಹತ್ತಿರವೂ ಸುಳಿಯಲಿಲ್ಲ. ಮಜ್ದಾ ಎಂಎಕ್ಸ್-5ಕ್ಕೆ ಇದ್ದದ್ದು 1.6 ಲೀಟರ್ ಎಂಜಿನ್, ಸುಮಾರು 115 ಎಚ್‌ಪಿ, ಒಂದು ಟನ್ನಿಗಿಂತ ಕಡಿಮೆ ತೂಕ. ಆಗಿನ ಮನೆಬಳಕೆಯ ಕಾರುಗಳಿಗೂ ಅಷ್ಟು ಶಕ್ತಿ ಇರುತ್ತಿತ್ತು. ಅದರ ಅಡಿಗೆ ಬಗ್ಗಿ ನೋಡಿದರೆ ಒಳಗುಟ್ಟು ತಿಳಿಯುತ್ತದೆ. ಎಂಜಿನ್ನನ್ನು ಮುಂದಿನ ಚಕ್ರಗಳ ಗೆರೆಯಿಂದ ಹಿಂದಕ್ಕೆ ತಳ್ಳಿ ಕೂರಿಸಿದ್ದಾರೆ. ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ (ಎರಡು ಹಿಂದಿನ ಚಕ್ರಗಳಿಗೆ ಬಲ ಹಂಚುವ ಗೇರು ಪೆಟ್ಟಿಗೆ) ಉದ್ದಕ್ಕೆ ಒಂದು ಅಲ್ಯೂಮಿನಿಯಂ ಚೌಕಟ್ಟು ಬಿಗಿದಿದ್ದಾರೆ. ಎಕ್ಸಲರೇಟರ್ ಒತ್ತಿದಾಗ ಡಿಫರೆನ್ಷಿಯಲ್ ತನ್ನ ಜಾಗದಲ್ಲಿ ತಿರುಚಿಕೊಳ್ಳುವುದನ್ನು ಈ ಚೌಕಟ್ಟು ತಡೆಯುತ್ತದೆ. ಹಾಗಾಗಿ ಕಾಲು ಅಲುಗಿದ್ದು ಚಕ್ರಕ್ಕೆ ತಡವಿಲ್ಲದೆ ಗೊತ್ತಾಗುತ್ತದೆ.

ಇದನ್ನು ಓಡಿಸುವಾಗ ಆಗುವುದಿಷ್ಟು. ತಿರುವಿನ ಮೊದಲು ಬ್ರೇಕ್ ಒತ್ತಿದರೆ ಮೂಗು ಸ್ವಲ್ಪ ತಗ್ಗುತ್ತದೆ, ತೂಕ ಮುಂದಿನ ಟೈರಿನ ಮೇಲೆ ಬರುತ್ತದೆ, ಸ್ಟಿಯರಿಂಗ್ ಕೈಗೆ ಗಟ್ಟಿಯಾಗಿ ಸಿಗುತ್ತದೆ. ತಿರುಗಿಸಿದರೆ ಮೊದಲು ಒಂದಿಷ್ಟು ವಾಲಿ, ಆಮೇಲೆ ನೆಟ್ಟಗೆ ಕೂರುತ್ತದೆ. ಎಲ್ಲಿ ಹಿಡಿತ ಮುಗಿಯಿತು ಎನ್ನುವುದು ಕೈಗೂ ಸೊಂಟಕ್ಕೂ ಮೊದಲೇ ತಿಳಿಯುತ್ತದೆ. ತಪ್ಪಿದರೂ ನಿಧಾನವಾಗಿ ಜಾರುತ್ತದೆ, ಸರಿಪಡಿಸಲು ಸಮಯ ಕೊಡುತ್ತದೆ. ಎರಡನೇ ಗೇರಿನಲ್ಲಿ ಎಂಜಿನ್ನನ್ನು ಪೂರ್ತಿ ಕೂಗಿಸಿದರೂ ವೇಗ ಹಿಡಿತದಲ್ಲೇ ಇರುತ್ತದೆ. 600 ಎಚ್‌ಪಿಯ ಕಾರಿನಲ್ಲಿ ಹೀಗೆ ಮಾಡಲು ಹೋದರೆ ಗೇರು ಮುಗಿಯುವ ಮೊದಲೇ ರಸ್ತೆ ಮುಗಿದಿರುತ್ತದೆ. ಆ ಕಾರಿನ ಸಾಮರ್ಥ್ಯದ ಮುಕ್ಕಾಲು ಭಾಗ ಮಾಲೀಕನಿಗೆ ಕಾಣಸಿಗುವುದೇ ಇಲ್ಲ. ಎಂಎಕ್ಸ್-5 ಹತ್ತು ಲಕ್ಷಕ್ಕೂ ಮೀರಿ ತಯಾರಾಗಿದೆ.

ಶಕ್ತಿಯ ಕಡೆಯವರು ಈ ನಡುವೆ ಸುಮ್ಮನೆ ಕೂತಿರಲಿಲ್ಲ. ಗಾರ್ಡನ್ ಮರ‍್ರಿ ವಿನ್ಯಾಸದ ಮೆಕ್ಲಾರೆನ್ ಎಫ್1ಗೆ 627 ಎಚ್‌ಪಿ, ತೂಕ 1,138 ಕೆ.ಜಿ. 1998ರಲ್ಲಿ ಅದು ಮುಟ್ಟಿದ ಗರಿಷ್ಠ ವೇಗ 386 ಕಿ.ಮೀ. 2005ರ ಬುಗಾಟಿ ವೇರಾನ್‌ಗೆ 1,001 ಎಚ್‌ಪಿ, ನಾಲ್ಕು ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಪಂಪು), ಬಿಸಿ ಇಳಿಸಲು ಹತ್ತು ರೇಡಿಯೇಟರ್, ತೂಕ ಸುಮಾರು 1,900 ಕೆ.ಜಿ. ವೇಗ 407. ಅಂದರೆ 374 ಎಚ್‌ಪಿ ಸೇರಿಸಿ ಗಳಿಸಿದ್ದು 21 ಕಿ.ಮೀ. ವೇರಾನ್ ಅಗಲವಾದ ಕಾರು, ಒಳಗೆ ಐಷಾರಾಮ ಜಾಸ್ತಿ, ಎಲ್ಲ ಸರಿ. ಆದರೂ ಗಾಳಿ ತನ್ನ ಪಾಲು ಹೇಗೆ ವಸೂಲಿ ಮಾಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ನೇರ ಲೆಕ್ಕ ಬೇಕಾ?

ಸಾಮಾನ್ಯ ಕಾರುಗಳಲ್ಲಿ ಶಕ್ತಿಯ ಪಾಲು ತಿಂದಿದ್ದು ತೂಕ. 1976ರ ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಗೆ 110 ಎಚ್‌ಪಿ, ತೂಕ 810 ಕೆ.ಜಿ. ಆಸುಪಾಸು. ಎಂಟನೇ ತಲೆಮಾರಿನದಕ್ಕೆ 245 ಎಚ್‌ಪಿ, ಸುಮಾರು 1,450 ಕೆ.ಜಿ. ಶಕ್ತಿ ಎರಡು ಪಟ್ಟು ಮೀರಿತು. ಆದರೆ ಟನ್ನಿಗೆ ಎಷ್ಟು ಎಚ್‌ಪಿ ಎಂದು ನೋಡಿದರೆ ಏರಿಕೆ ಕಾಲು ಭಾಗ ಮಾತ್ರ. ಉಳಿದದ್ದು ಹೋಗಿದ್ದು ಡಿಕ್ಕಿ ತಡೆಯುವ ಗಟ್ಟಿ ಚೌಕಟ್ಟು, ಏರ್‌ಬ್ಯಾಗ್, ಎಸಿ, ದೊಡ್ಡ ಚಕ್ರ, ದಪ್ಪ ಸೀಟುಗಳಿಗೆ. ಇವುಗಳಲ್ಲಿ ಯಾವುದನ್ನು ಬೇಡ ಅನ್ನುತ್ತೀರಿ? ಜೀವ ಉಳಿಸುವುದನ್ನಂತೂ ಯಾರೂ ಬೇಡ ಅನ್ನುವುದಿಲ್ಲ. ಕೊಳ್ಳುವವರು ಕೇಳಿದ್ದನ್ನು ಮಾಡುವವರು ಕೊಟ್ಟರು, ನಿಯಮ ಬರೆಯುವವರು ತಮ್ಮ ಕೆಲಸ ಮಾಡಿದರು. ತೂಕ ಏರಿತು, ಅದನ್ನು ಎಳೆಯಲು ಎಚ್‌ಪಿ ಏರಿತು, ಎಚ್‌ಪಿ ತಾಳಲು ಬ್ರೇಕು, ಟೈರು ದೊಡ್ಡದಾದವು, ಮತ್ತೆ ತೂಕ ಏರಿತು.

2012ರಲ್ಲಿ ಟೊಯೊಟಾ ಈ ಸುತ್ತಿನಿಂದ ಬೇಕೆಂದೇ ಹೊರಗೆ ಬಂತು. ಸುಬಾರು ಜೊತೆ ಮಾಡಿದ ಜಿಟಿ86ಕ್ಕೆ ಟರ್ಬೊ ಇಲ್ಲದ 200 ಎಚ್‌ಪಿ ಎಂಜಿನ್ ಇಟ್ಟು, ಮೈಲೇಜಿಗೆ ಹೆಸರಾದ ಪ್ರಿಯಸ್‌ಗೆ ಸಿಗುತ್ತಿದ್ದ ಟೈರನ್ನೇ ಹಾಕಿದರು. ಹಿಡಿತ ಕಡಿಮೆ ಇದ್ದರೆ ಕಡಿಮೆ ವೇಗದಲ್ಲೇ ಕಾರು ಆಟಕ್ಕಿಳಿಯುತ್ತದೆ ಎನ್ನುವ ಲೆಕ್ಕ. ಓಡಿಸಿದವರು ಹೊಗಳಿದರು. ಹೊಗಳುತ್ತಲೇ, ಇನ್ನೊಂದಿಷ್ಟು ಎಚ್‌ಪಿ ಇರಬೇಕಿತ್ತು ಅಂದರು. ಮುಂದಿನ ತಲೆಮಾರಿಗೆ ಟೊಯೊಟಾ 235 ಎಚ್‌ಪಿ ಕೊಟ್ಟಿತು.

ಈಗ ಎಲೆಕ್ಟ್ರಿಕ್ ಕಾರುಗಳು ಲೆಕ್ಕವನ್ನೇ ತಿರುವಿಹಾಕಿವೆ. ಮೋಟರಿನಲ್ಲಿ ಎಚ್‌ಪಿ ಅಗ್ಗ, ಆದರೆ ಬ್ಯಾಟರಿಯಿಂದ ತೂಕ ಜಾಸ್ತಿ. ಟೆಸ್ಲಾ ಪ್ಲ್ಯಾಡ್‌ನ ತೂಕ ಎರಡು ಟನ್ನಿಗಿಂತ ಜಾಸ್ತಿ. ಹಗುರ ಕಾರಿಗೆ ಹೆಸರಾದ ಲೋಟಸ್ 1996ರಲ್ಲಿ 725 ಕೆ.ಜಿ.ಯ ಎಲೀಸ್ ಮಾಡಿತ್ತು. ಈಗ ಅದರ ಎಲೆಟ್ರೆ ಆರ್ ಎಸ್‌ಯುವಿಗೆ 900ಕ್ಕೂ ಹೆಚ್ಚು ಎಚ್‌ಪಿ, ಎರಡೂವರೆ ಟನ್ನಿಗೂ ಮೀರಿದ ತೂಕ. ನೇರ ರಸ್ತೆಯ ಪಿಕಪ್ ವಿಷಯದಲ್ಲಿ ಇನ್ನು ಜಗಳ ಉಳಿದಿಲ್ಲ. ಟೈರು ತಡೆಯುವವರೆಗೂ ಎಲ್ಲರೂ ಹೋಗಬಲ್ಲರು.

ಮಜಾದ ಪ್ರಶ್ನೆ ಮಾತ್ರ ಇನ್ನೂ ಬಾಕಿ. ಅದಕ್ಕೆ ಬಂದಿರುವ ಒಂದು ಉತ್ತರ 2023ರ ಹ್ಯೂಂಡೈ ಅಯಾನಿಕ್ 5 ಎನ್. ಬೂಸ್ಟ್ ಗುಂಡಿ ಒತ್ತಿದರೆ ಕೆಲವು ಸೆಕೆಂಡ್ 650 ಎಚ್‌ಪಿ ಕೊಡುವ ಈ ಎಲೆಕ್ಟ್ರಿಕ್ ಕಾರಿಗೆ ಗೇರ್ ಬದಲಿಸುವ ಅಗತ್ಯವೇ ಇಲ್ಲ. ಆದರೂ ಸ್ಟಿಯರಿಂಗ್ ಹಿಂದೆ ಗೇರ್ ಬದಲಿಸುವ ಪ್ಯಾಡಲ್ (ಬೆರಳಲ್ಲಿ ಎಳೆಯುವ ಸಣ್ಣ ಹಿಡಿಕೆ) ಇಟ್ಟಿದ್ದಾರೆ. ಒಂದೇ ಸಮ ಎಳೆಯಬಲ್ಲ ಮೋಟರನ್ನು ಸಾಫ್ಟ್‌ವೇರ್ ನಡುನಡುವೆ ಬೇಕೆಂದೇ ತಡೆದು, ಗೇರ್ ಬದಲಾದಂತೆ ಒಂದು ಜಗ್ಗು ಕೊಡುತ್ತದೆ. ಸ್ಪೀಕರಿನಿಂದ ಎಂಜಿನ್ ಸದ್ದು ಬರುತ್ತದೆ. ಕೆಲವರಿಗೆ ಇದು ನಾಟಕ. ಓಡಿಸಿ ಬಂದ ಎಷ್ಟೋ ಮಂದಿಗೆ ಕಾರಿನಲ್ಲಿ ಹೆಚ್ಚು ಹಿಡಿಸಿದ್ದು ಇದೇ. ಬೇರೆ ಕಂಪನಿಗಳೂ ಇಂಥ ನಕಲಿ ಗೇರುಗಳ ಮೇಲೆ ಕೆಲಸ ಮಾಡುತ್ತಿವೆ.