ಹೂಪ್ ಟೆನ್ಷನ್: ಪೈಪು ಉದ್ದಕ್ಕೇ ಯಾಕೆ ಸೀಳುತ್ತದೆ?

ಇಂಡಿ ಕಡೆ ನಿಂಬೆ ತೋಟ ಇರುವವರು ಇದನ್ನು ನೋಡಿರುತ್ತಾರೆ. ಮೋಟರ್ ಚಾಲೂ ಮಾಡಿದ ಕೂಡಲೇ ಎಲ್ಲೋ ಪಟ್ ಅಂತ ಸದ್ದು. ಹೋಗಿ ನೋಡಿದರೆ ಹಳೆ ಪೈಪು ಉದ್ದಕ್ಕೆ ಬಿರಿದಿದೆ. ಸೌತೆಕಾಯಿ ಹೆಚ್ಚಿದ ಹಾಗೆ ಅಡ್ಡಡ್ಡ ತುಂಡಾಗುವುದು ಕಡಿಮೆ. ಯಾಕೆ?

ಹೂಪ್ ಅಂದರೆ ಬಳೆ, ಟೆನ್ಷನ್ ಅಂದರೆ ಎಳೆತ. ಮಗಳ ಮದುವೆಯ ಟೆನ್ಷನ್ ಅಲ್ಲ! 'ಬಳೆ ಎಳೆತ' ಅಂದರೂ ನಡೆಯುತ್ತದೆ. ಒಳಗಿನ ನೀರು ಗೋಡೆಯನ್ನು ಹೊರಕ್ಕೆ ದೂಡುತ್ತದೆ. ಗೋಡೆ ಹೊರಕ್ಕೆ ಸರಿಯಬೇಕಾದರೆ ಅದರ ಸುತ್ತಳತೆ ಹಿಗ್ಗಬೇಕು. ಹಾಗಾಗಿ ಗೋಡೆ ಸುತ್ತಲೂ ಎಳೆತಕ್ಕೆ ಸಿಗುತ್ತದೆ. 11 ಸೆಂ.ಮೀ. ವ್ಯಾಸದ, 3 ಮಿ.ಮೀ. ದಪ್ಪದ ಪೈಪಿನಲ್ಲಿ ಚದರ ಸೆಂ.ಮೀ.ಗೆ 6 ಕೆ.ಜಿ. ಒತ್ತಡ ಇದ್ದರೆ, ಗೋಡೆಯಲ್ಲಿ ಸುತ್ತಲಿನ ಎಳೆತ ಚದರ ಸೆಂ.ಮೀ.ಗೆ ಸುಮಾರು 110 ಕೆ.ಜಿ. ಎರಡೂ ತುದಿ ಮುಚ್ಚಿದ್ದರೆ ಉದ್ದದ ದಿಕ್ಕಿನ ಎಳೆತ ಅದರ ಅರ್ಧ ಮಾತ್ರ. ಸೀಳು ಬಿಡುವುದು ಎಳೆತಕ್ಕೆ ಅಡ್ಡಲಾಗಿ. ಜಾಸ್ತಿ ಎಳೆತ ಇರುವುದು ಸುತ್ತಲೂ, ಅದಕ್ಕೇ ಸೀಳು ಉದ್ದಕ್ಕೆ.

ಚಕ್ಕಡಿ ಗಾಲಿಗೆ ಸುತ್ತಲೂ ತೊಡಿಸುವ ಕಬ್ಬಿಣದ ಹಳಿಯಲ್ಲಿ ಇರುವುದೂ ಇದೇ ಎಳೆತ. ಹಳಿಯನ್ನು ಗಾಲಿಗಿಂತ ತುಸು ಸಣ್ಣದಾಗಿ ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಹಿಗ್ಗಿದ ಹಳಿಯನ್ನು ಗಾಲಿಗೆ ಬಡಿದು ಕೂರಿಸಿ ನೀರು ಸುರಿದರೆ ಚುಯ್ ಅಂತ ಹೊಗೆ ಏಳುತ್ತದೆ. ಹಳಿ ಕುಗ್ಗಿ ಕಟ್ಟಿಗೆಯನ್ನು ಅವುಚಿ ಹಿಡಿಯುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಆ ಎಳೆತದಿಂದ ಬಿಡುವೇ ಇಲ್ಲ.

ಈಗ ವಿಜಯಪುರದ ಗೋಲಗುಮ್ಮಟಕ್ಕೆ ಬರೋಣ. ಹಿಂಡಿದ ನಿಂಬೆಯ ಹೋಳನ್ನು ಬೋರಲು ಹಾಕಿ, ನೆತ್ತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಅಂಚು ಅಗಲವಾಗಿ, ಕಡೆಗೆ ಅಲ್ಲೇ ಸೀಳು ಬಿಡುತ್ತದೆ. ಗುಮ್ಮಟವನ್ನು ಒತ್ತುವ ಹೆಬ್ಬೆರಳು ಅದರ ಸ್ವಂತ ಭಾರ. ಗುಮ್ಮಟವನ್ನು ಒಂದರ ಮೇಲೊಂದು ಪೇರಿಸಿದ ಬಳೆಗಳು ಅಂದುಕೊಳ್ಳಿ. ಒಂದೇ ದಪ್ಪದ ಅರೆಗೋಳದಲ್ಲಿ, ಗೋಳದ ನಡುಬಿಂದುವಿನಿಂದ ಅಳೆದರೆ, ನೆತ್ತಿಯಿಂದ ಸುಮಾರು 52 ಡಿಗ್ರಿ ಇಳಿಯುವ ತನಕ ಈ ಬಳೆಗಳು ಸುತ್ತಲೂ ಒತ್ತಿಸಿಕೊಂಡಿರುತ್ತವೆ. ಅದರ ಕೆಳಗೆ ಎಳೆತ. ಇಟ್ಟಿಗೆ, ಗಾರೆ ಎಷ್ಟು ಒತ್ತಿದರೂ ತಡೆದಾವು, ಎಳೆದರೆ ಬಿಡುತ್ತವೆ.

ರೋಮಿನ ಸೇಂಟ್ ಪೀಟರ್ಸ್ ಗುಮ್ಮಟ ಬಿರುಕು ಬಿಟ್ಟಾಗ, 1740ರ ದಶಕದಲ್ಲಿ ಅದಕ್ಕೆ ಕಬ್ಬಿಣದ ಬಳೆಗಳನ್ನೇ ತೊಡಿಸಿದರು. ನಮ್ಮ ಹಳಿಯ ಲೆಕ್ಕವೇ, ಅಲ್ವಾ? ಗೋಲಗುಮ್ಮಟ ಕಟ್ಟಿದವರ ಉಪಾಯ ಬೇರೆ, ನನಗಂತೂ ಅದೇ ಹೆಚ್ಚು ಇಷ್ಟ. ಒಳ ವ್ಯಾಸ ಸುಮಾರು 125 ಅಡಿ ಇರುವ ಗುಮ್ಮಟಕ್ಕೆ ಬುಡದಲ್ಲಿ ಹತ್ತಿರ ಹತ್ತಿರ 10 ಅಡಿ ದಪ್ಪ ಕೊಟ್ಟರು. ಕೆಳಗೆ ಎಂಟು ಕಮಾನುಗಳನ್ನು ಒಂದರೊಳಗೊಂದು ಹಾಯಿಸಿ, ಅವುಗಳ ನಡುವಿನ ಗಾರೆಗೆಲಸವನ್ನು ಒಳಕ್ಕೆ ವಾಲಿಸಿದರು. ಗುಮ್ಮಟ ಹೊರಕ್ಕೆ ದೂಡುತ್ತದೆ, ಈ ವಾಲಿದ ಭಾರ ಒಳಕ್ಕೆ ಜಗ್ಗುತ್ತದೆ. ಪಿಸುಮಾತಿನ ಗ್ಯಾಲರಿಯಲ್ಲಿ ಕೂಗುವ ನಾವು ನಿಂತಿರುವುದು ಆ ಭಾರದ ನೆತ್ತಿಯ ಮೇಲೇ.

ಬಿರುಕು ಬಿಟ್ಟ ಗುಮ್ಮಟವೆಲ್ಲ ಬೀಳುತ್ತದೆ ಅಂತೇನಿಲ್ಲ. ಜಾಕ್ ಹೇಮನ್ ಎಂಬ ಇಂಗ್ಲೆಂಡಿನ ಎಂಜಿನಿಯರ್ 1960ರ ದಶಕದಿಂದ ಇದನ್ನು ಲೆಕ್ಕ ಹಾಕಿ ತೋರಿಸುತ್ತಾ ಬಂದರು. ಸೀಳಿದ ಹೋಳುಗಳು ಕಿತ್ತಳೆ ತೊಳೆಗಳ ಹಾಗೆ ಒಂದಕ್ಕೊಂದು ಒರಗಿ, ಕಮಾನಿನಂತೆ ನಿಲ್ಲಬಲ್ಲವು. ಬುಡ ಮಾತ್ರ ಸರಿಯಬಾರದು. ಅದಕ್ಕೇ ಹಳೆ ಕಟ್ಟಡ ನೋಡುವವರು ಬಿರುಕಿನ ಮೇಲೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ ಹೋಗುತ್ತಾರೆ. ತಿಂಗಳುಗಟ್ಟಲೆ ಬಿಟ್ಟು ಬಂದು, ಗಾಜು ಒಡೆದಿದೆಯಾ ಅಂತ ನೋಡುತ್ತಾರೆ.