46ಕ್ಕೆ 46 ಸಮ, ಆದರೂ ಬಾರ್ಸಿಲೋನಾ ಗೆದ್ದಿದ್ದು ಹೇಗೆ?

ಓದುಗರ ಪ್ರಶ್ನೆ: "ಸ್ಪೇನ್ ಫುಟ್‌ಬಾಲ್ ಲೀಗ್‌ನ 1959-60ರ ಅಂಕಪಟ್ಟಿ ನೋಡುತ್ತಿದ್ದೆ. ಬಾರ್ಸಿಲೋನಾಗೂ ರಿಯಲ್ ಮ್ಯಾಡ್ರಿಡ್‌ಗೂ ತಲಾ 46 ಪಾಯಿಂಟ್. ಮ್ಯಾಡ್ರಿಡ್ 92 ಗೋಲು ಹೊಡೆದಿದೆ, ಬಾರ್ಸಿಲೋನಾ 86. ಸೋಲಿನಲ್ಲೂ ಮ್ಯಾಡ್ರಿಡ್‌ನದೇ ಕಡಿಮೆ. ಆದರೂ ಚಾಂಪಿಯನ್ ಬಾರ್ಸಿಲೋನಾ ಅಂತಿದೆ. ಇದು ಹೇಗೆ? ಏನಾದ್ರೂ ಕೈಚಳಕ ನಡೆದಿತ್ತಾ?"

ಕೈಚಳಕ ಏನೂ ಇಲ್ಲ. ಭಾಗಾಕಾರ ನಡೆದಿತ್ತು.

ಪಟ್ಟಿಯನ್ನು ಪೂರ್ತಿ ಓದೋಣ. ಆಗ ಲೀಗ್‌ನಲ್ಲಿ 16 ತಂಡಗಳು. ಪ್ರತಿ ತಂಡ ಉಳಿದ 15 ತಂಡಗಳ ಜೊತೆ ಎರಡೆರಡು ಸಲ ಆಡಬೇಕು. ಅಂದರೆ 30 ಪಂದ್ಯ. ಗೆದ್ದರೆ 2 ಪಾಯಿಂಟ್, ಡ್ರಾ ಆದರೆ 1. ಬಾರ್ಸಿಲೋನಾ 22 ಗೆದ್ದಿತು, 2 ಡ್ರಾ ಮಾಡಿಕೊಂಡಿತು, 6 ಸೋತಿತು. ಮ್ಯಾಡ್ರಿಡ್ 21 ಗೆದ್ದು, 4 ಡ್ರಾ ಮಾಡಿಕೊಂಡು, 5 ಸೋತಿತು. ಕೂಡಿ ನೋಡಿ, ಎರಡೂ ಕಡೆ 46. ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ಕಾಲಂ ಬಿಟ್ಟುಹೋಗಿದೆ. ಎದುರಾಳಿಗೆ ಬಿಟ್ಟುಕೊಟ್ಟ ಗೋಲುಗಳ ಕಾಲಂ. ಬಾರ್ಸಿಲೋನಾ 28, ಮ್ಯಾಡ್ರಿಡ್ 36. ಕಪ್ ಯಾರ ಮನೆಗೆ ಹೋಗಬೇಕು ಅಂತ ತೀರ್ಮಾನ ಆಗಿದ್ದು ಅಲ್ಲೇ.

ಪಾಯಿಂಟ್ ಸಮ ಆದಾಗ ಸ್ಪೇನ್‌ನಲ್ಲಿ ಮೊದಲು ನೋಡುವುದು ಆ ಎರಡು ತಂಡಗಳೇ ಪರಸ್ಪರ ಆಡಿದ ಪಂದ್ಯಗಳನ್ನು. 1946-47ರಲ್ಲಿ ವೆಲೆನ್ಸಿಯಾಗೂ 1980-81ರಲ್ಲಿ ರಿಯಲ್ ಸೊಸಿಡಾಡ್‌ಗೂ ಕಪ್ ಸಿಕ್ಕಿದ್ದು ಈ ಲೆಕ್ಕದ ಮೇಲೆ. 1959-60ರಲ್ಲಿ ಅದೂ ಕೈಕೊಟ್ಟಿತು. ಮ್ಯಾಡ್ರಿಡ್‌ನಲ್ಲಿ ನಡೆದ ಪಂದ್ಯವನ್ನು ಮ್ಯಾಡ್ರಿಡ್ 2-0ರಿಂದ ಗೆದ್ದಿತು. ತನ್ನ ತವರು ಅಂಗಳ ಕ್ಯಾಂಪ್ ನೌನಲ್ಲಿ ಬಾರ್ಸಿಲೋನಾ 3-1ರಿಂದ ಗೆದ್ದಿತು. ಎರಡೂ ಕೂಡಿದರೆ 3-3. ಪಾಯಿಂಟೂ ಸಮ, ಮುಖಾಮುಖಿಯೂ ಸಮ!

ಆಮೇಲೆ ಉಳಿದಿದ್ದು ಗೋಲ್ ಆವರೇಜ್. ಇಡೀ ಲೀಗ್‌ನಲ್ಲಿ ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸಬೇಕು. ಬಾರ್ಸಿಲೋನಾದ್ದು 86 ಭಾಗಿಸು 28, ಸುಮಾರು 3.07. ಮ್ಯಾಡ್ರಿಡ್‌ನದು 92 ಭಾಗಿಸು 36, ಸುಮಾರು 2.56. ಬಾರ್ಸಿಲೋನಾ ಚಾಂಪಿಯನ್.

ಈ ಭಾಗಾಕಾರದ ಗುಣ ಸ್ವಲ್ಪ ವಿಚಿತ್ರ. ನನಗೆ ಇಡೀ ವಿಷಯದಲ್ಲಿ ಮಜಾ ಅನ್ನಿಸಿದ್ದೂ ಇದೇ. ಈಗ ನಾವು ಹೊಡೆದ ಗೋಲಿನಿಂದ ಬಿಟ್ಟ ಗೋಲು ಕಳೆಯುತ್ತೇವೆ. ಕಳೆಯುವ ಲೆಕ್ಕದಲ್ಲಿ ಒಂದು ಗೋಲು ಹೊಡೆಯುವುದೂ ಒಂದೇ, ಒಂದು ಗೋಲು ತಡೆಯುವುದೂ ಒಂದೇ. ಭಾಗಿಸುವ ಲೆಕ್ಕ ಹಾಗಲ್ಲ. 30 ಗೋಲು ಹೊಡೆದು 10 ಬಿಟ್ಟ ತಂಡಕ್ಕೆ ಸಿಗುವುದು 3. ಬರೀ 10 ಗೋಲು ಹೊಡೆದು 2 ಮಾತ್ರ ಬಿಟ್ಟ ತಂಡಕ್ಕೆ 5. ಜಿಪುಣನಿಗೇ ಲಾಭ. ಒಂದೂ ಗೋಲು ಬಿಡದ ತಂಡ ಇದ್ದರೆ ಸೊನ್ನೆಯಿಂದ ಭಾಗಿಸುವುದು ಹೇಗೆ ಅಂತ ಕೇಳಬೇಡಿ, ಲೆಕ್ಕದ ಮೇಷ್ಟ್ರೂ ಕೈಯೆತ್ತುತ್ತಾರೆ.

ಇದನ್ನು ಮ್ಯಾಡ್ರಿಡ್ ಕಡೆಯಿಂದ ನೋಡಿ. ಕಳೆಯುವ ಲೆಕ್ಕ ಇದ್ದಿದ್ದರೆ ಬಾರ್ಸಿಲೋನಾಗೆ 58, ಮ್ಯಾಡ್ರಿಡ್‌ಗೆ 56. ಮ್ಯಾಡ್ರಿಡ್ ಇನ್ನು ಮೂರೇ ಮೂರು ಗೋಲು ಹೊಡೆದಿದ್ದರೆ ಮುಂದೆ ಹೋಗುತ್ತಿತ್ತು. 30 ಪಂದ್ಯದಲ್ಲಿ ಮೂರು ಗೋಲು ಯಾವ ಮಹಾ, ಅಲ್ವಾ? ಆದರೆ ಭಾಗಿಸುವ ಲೆಕ್ಕದಲ್ಲಿ 36 ಬಿಟ್ಟುಕೊಟ್ಟ ಮೇಲೆ 3.07 ದಾಟಬೇಕೆಂದರೆ 111 ಗೋಲು ಬೇಕು. 92ರ ಮೇಲೆ ಇನ್ನೂ 19! ಹೊಡೆಯುವುದು ಬೇಡ, ತಡೆಯೋಣ ಅಂದರೆ 36ನ್ನು 29ಕ್ಕೆ ಇಳಿಸಬೇಕಿತ್ತು. 30 ಆಗಿದ್ದರೂ ಸಾಲುತ್ತಿರಲಿಲ್ಲ, ಕೂದಲೆಳೆಯಷ್ಟು ಹಿಂದೆ ಬೀಳುತ್ತಿತ್ತು. ಬೇಕಿದ್ದರೆ ಕ್ಯಾಲ್ಕ್ಯುಲೇಟರ್‌ನಲ್ಲಿ ಒತ್ತಿ ನೋಡಿ. ನೆಟ್ ರನ್ ರೇಟ್ ಲೆಕ್ಕದಲ್ಲಿ ತಲೆ ಕೆಡಿಸಿಕೊಂಡವರಿಗೆ ಈ ಸಂಕಟ ಅರ್ಥವಾಗುತ್ತೆ.

ಇಂಗ್ಲೆಂಡ್ ಲೀಗ್ ಕೂಡ 1976ರವರೆಗೆ ಹೀಗೇ ಭಾಗಿಸುತ್ತಿತ್ತು. ಸ್ಪೇನ್‌ನವರು ಈಗ ಭಾಗಿಸುವುದನ್ನು ಬಿಟ್ಟಿದ್ದಾರೆ, ಹೆಸರನ್ನು ಮಾತ್ರ ಬಿಟ್ಟಿಲ್ಲ. ಇಂದಿಗೂ ಅಲ್ಲಿ ಮುಖಾಮುಖಿ ಲೆಕ್ಕಕ್ಕೂ 'ಗೋಲ್ ಆವರೇಜ್' ಅಂತಲೇ ಅನ್ನುತ್ತಾರೆ.

ಹಾಗಾಗಿ ಈ ಕಪ್‌ನ ಪಾಲು ಮೊದಲು ಹೋಗಬೇಕಾದ್ದು ಬಾರ್ಸಿಲೋನಾದ ಗೋಲ್‌ಕೀಪರ್ ಆಂಟೋನಿ ರಾಮಲ್ಲೆಟ್ಸ್‌ಗೆ. ಕಡಿಮೆ ಗೋಲು ಬಿಟ್ಟ ಕೀಪರ್‌ಗೆ ಸ್ಪೇನ್‌ನಲ್ಲಿ ಸಮೋರಾ ಟ್ರೋಫಿ ಕೊಡುತ್ತಾರೆ. ಆ ವರ್ಷ ಅದು ಅವನದಾಯಿತು, ಅವನ ಐದನೆಯದು. ಆದರೆ ಜನ ನೆನಪಿಟ್ಟುಕೊಂಡಿರುವುದು ಗೋಲು ಹೊಡೆಯುವ ಮುಂಚೂಣಿಯವರನ್ನು. ಕುಬಾಲ, ಕೋಚಿಶ್, ಚಿಬೊರ್, ಎವರಿಸ್ಟೊ, ಲೂಯಿಸ್ ಸ್ವಾರೆಸ್. ಈ ಸ್ವಾರೆಸ್ ನಮ್ಮ ಕಾಲದ ಉರುಗ್ವೆಯವನಲ್ಲ, ಸ್ಪೇನ್‌ನ ಗಲೀಸಿಯಾದವನು. ಯುರೋಪ್‌ನ ವರ್ಷದ ಆಟಗಾರನಿಗೆ ಕೊಡುವ ಬಾಲನ್ ಡಿ'ಓರ್ ಪ್ರಶಸ್ತಿ 1960ರಲ್ಲಿ ಅವನಿಗೇ ಸಿಕ್ಕಿತು.

ಕೋಚಿಶ್, ಚಿಬೊರ್ ಇಬ್ಬರೂ ಹಂಗೇರಿಯವರು. ಆ ಕಡೆ ಮ್ಯಾಡ್ರಿಡ್‌ನಲ್ಲಿ ಡಿ ಸ್ಟೆಫಾನೊ ಜೊತೆ ಆಡುತ್ತಿದ್ದ ಪುಷ್ಕಾಷ್ ಕೂಡ ಹಂಗೇರಿಯವನೇ. ಮೂವರೂ 1954ರ ವಿಶ್ವಕಪ್ ಫೈನಲ್‌ನಲ್ಲಿ ಒಂದೇ ಜೆರ್ಸಿ ಹಾಕಿದವರು, ಬುಡಾಪೆಸ್ಟ್‌ನ ಹೋನ್ವೇಡ್ ಕ್ಲಬ್‌ನಲ್ಲೂ ಜೊತೆಗಿದ್ದವರು. 1956ರಲ್ಲಿ ಹಂಗೇರಿಯಲ್ಲಿ ದಂಗೆಯಾಗಿ ಸೋವಿಯತ್ ಟ್ಯಾಂಕ್‌ಗಳು ನುಗ್ಗಿದವು. ಯುರೋಪ್‌ನ ಚಾಂಪಿಯನ್ ಕ್ಲಬ್‌ಗಳ ಟೂರ್ನಿಯಾದ ಯುರೋಪಿಯನ್ ಕಪ್‌ನಲ್ಲಿ ಸ್ಪೇನ್‌ನ ಬಿಲ್ಬಾವೊ ತಂಡದ ವಿರುದ್ಧ ಆಡಲು ಹೊರಗೆ ಹೋಗಿದ್ದ ಇವರು ವಾಪಸ್ ಹೋಗಲಿಲ್ಲ. ಎರಡು ವರ್ಷಕ್ಕೆ ಒಬ್ಬ ಮ್ಯಾಡ್ರಿಡ್ ಪಾಲಾದ, ಇಬ್ಬರು ಬಾರ್ಸಿಲೋನಾ ಪಾಲಾದರು.

ಬಾರ್ಸಿಲೋನಾ ಕೋಚ್ ಹೆಲೆನಿಯೊ ಹೆರೇರಾ. ಬಾಯಿ ಜೋರು, ಶಿಸ್ತೂ ಜೋರು. ಅದರ ಹಿಂದಿನ ವರ್ಷವೂ ಲೀಗ್ ಗೆಲ್ಲಿಸಿದ್ದ, ಆಗ ಮ್ಯಾಡ್ರಿಡ್‌ಗಿಂತ 4 ಪಾಯಿಂಟ್ ಮುಂದೆ. ಆದರೆ ಅಭಿಮಾನಿಗಳ ಕಣ್ಮಣಿ ಕುಬಾಲಗೂ ಇವನಿಗೂ ಸರಿಹೋಗುತ್ತಿರಲಿಲ್ಲ.

ಈಗ ಕೈಚಳಕದ ಮಾತು. ಸ್ಪೇನ್‌ನ ಸರ್ವಾಧಿಕಾರಿ ಫ್ರಾಂಕೋ ಆಳ್ವಿಕೆಯ ಕಾಲ ಅಂದ ತಕ್ಷಣ ಎಲ್ಲರಿಗೂ ಅನುಮಾನ ಬರುತ್ತೆ, ಅದೂ ಮ್ಯಾಡ್ರಿಡ್ ಮೇಲೆ, ಅವನ ಕೃಪೆ ಆ ತಂಡಕ್ಕಿತ್ತು ಅಂತ. ಇಲ್ಲಿ ಗೆದ್ದಿದ್ದು ಬಾರ್ಸಿಲೋನಾ ಅನ್ನೋದು ಒಂದು ಮಾತು. ಫ್ರಾಂಕೋ ಅಧಿಕಾರಕ್ಕೆ ಬಂದ ಮೇಲೆ ಮ್ಯಾಡ್ರಿಡ್ ಮೊದಲ ಸಲ ಲೀಗ್ ಗೆದ್ದಿದ್ದು 1953-54ರಲ್ಲಿ ಅನ್ನೋದು ಇನ್ನೊಂದು. ಈ ವಾದ ಇಷ್ಟಕ್ಕೇ ಮುಗಿಯಲ್ಲ, ಆದರೆ 1959-60ಕ್ಕೆ ಅದನ್ನು ಎಳೆದು ತರುವ ಅಗತ್ಯ ಕಾಣಲಿಲ್ಲ.

ಲೀಗ್ ಮುಗಿದು ಸಿಹಿ ಹಂಚುವಷ್ಟರಲ್ಲೇ ಬಾರ್ಸಿಲೋನಾಗೆ ಪೆಟ್ಟು ಬಿತ್ತು. 1960ರ ಏಪ್ರಿಲ್‌ನಲ್ಲಿ ಯುರೋಪಿಯನ್ ಕಪ್ ಸೆಮಿಫೈನಲ್. ಎದುರಾಳಿ ಮತ್ತೆ ಮ್ಯಾಡ್ರಿಡ್. ಮ್ಯಾಡ್ರಿಡ್‌ನಲ್ಲಿ 3-1, ಬಾರ್ಸಿಲೋನಾದಲ್ಲಿ 3-1, ಎರಡೂ ಸಲ ಮ್ಯಾಡ್ರಿಡ್ ಗೆದ್ದಿತು. ಎರಡು ವರ್ಷ ಸತತ ಲೀಗ್ ತಂದುಕೊಟ್ಟ ಹೆರೇರಾ ಕೆಲಸ ಕಳೆದುಕೊಂಡು ಇಟಲಿಯ ಇಂಟರ್ ಮಿಲಾನ್ ಸೇರಿದ. ಮೇ 18ರಂದು ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಮ್ಯಾಡ್ರಿಡ್ ಫೈನಲ್ ಆಡಿತು. ಜರ್ಮನಿಯ ಐನ್‌ಟ್ರಾಕ್ಟ್ ಫ್ರಾಂಕ್‌ಫರ್ಟ್ ವಿರುದ್ಧ 7-3. ಪುಷ್ಕಾಷ್ 4, ಡಿ ಸ್ಟೆಫಾನೊ 3. ಹೀಗೆ ಸ್ಪೇನ್‌ನಲ್ಲಿ ಎರಡನೇ ಸ್ಥಾನಕ್ಕೆ ಬಿದ್ದ ತಂಡ ಯುರೋಪ್‌ನ ಚಾಂಪಿಯನ್ ಆಯಿತು. ಮುಂದಿನ ಐದು ಲೀಗ್‌ಗಳೂ ಮ್ಯಾಡ್ರಿಡ್‌ನವೇ. ಬಾರ್ಸಿಲೋನಾ ಮತ್ತೆ ಲೀಗ್ ಗೆಲ್ಲಲು ಡಚ್ ಆಟಗಾರ ಕ್ರೈಫ್ ಬರಬೇಕಾಯಿತು, 1973-74ರವರೆಗೆ ಕಾಯಬೇಕಾಯಿತು.

ನಿಮ್ಮ ಪ್ರಶ್ನೆಗೆ ಒಂದು ಬಾಲಂಗೋಚಿ ಉಳಿದಿದೆ. ಇವತ್ತಿನ ನಿಯಮದಲ್ಲಿ ಏನಾಗುತ್ತಿತ್ತು? ಗೆದ್ದರೆ 3 ಪಾಯಿಂಟ್ ಅಂದುಕೊಳ್ಳಿ. ಬಾರ್ಸಿಲೋನಾಗೆ 68, ಮ್ಯಾಡ್ರಿಡ್‌ಗೆ 67. ಭಾಗಾಕಾರದ ಗೊಡವೆಯೇ ಇಲ್ಲದೆ ಕಪ್ ಬಾರ್ಸಿಲೋನಾಗೇ ಹೋಗುತ್ತಿತ್ತು. ಕಳೆದರೂ ಅದೇ, ಗೆಲುವು ಎಣಿಸಿದರೂ ಅದೇ. ಮ್ಯಾಡ್ರಿಡ್ ಅಭಿಮಾನಿ ಹಿಡಿದುಕೊಳ್ಳಬಹುದಾದ ದಾರ ಅಂದರೆ ಒಂದು ನೀವೇ ಹೇಳಿದ 92 ಗೋಲು, ಇನ್ನೊಂದು ಎದುರಾಳಿ ಅಂಗಳದಲ್ಲಿ ಹೊಡೆದ ಗೋಲಿಗೆ ಜಾಸ್ತಿ ಬೆಲೆ ಕೊಡುತ್ತಿದ್ದ ನಿಯಮ. ಕ್ಯಾಂಪ್ ನೌನಲ್ಲಿ 3-1ರಿಂದ ಸೋತಾಗ ಮ್ಯಾಡ್ರಿಡ್ ಒಂದು ಗೋಲು ಹೊಡೆದಿತ್ತು. ಮ್ಯಾಡ್ರಿಡ್‌ನಲ್ಲಿ ಬಾರ್ಸಿಲೋನಾ ಹೊಡೆದದ್ದು ಸೊನ್ನೆ. ಆದರೆ ಆ ನಿಯಮ ಯುರೋಪಿನ ಟೂರ್ನಿಗಳಿಗೆ ಬಂದಿದ್ದೇ 1965ರಲ್ಲಿ, ಅದೂ ನಾಕೌಟ್ ಪಂದ್ಯಗಳಿಗೆ. 2021ರಲ್ಲಿ ಅದನ್ನು ತೆಗೆದೂ ಹಾಕಿದರು.